ಹಳೆಯ ಜಾವಾದ ಹಿಡಿಗೆ ಅದರದೇ ಸ್ವಿಚ್ಚು

ಮನುಷ್ಯನಿಗೆ ಹೆಬ್ಬೆರಳು ಎಷ್ಟು ಮುಖ್ಯವಾದುದೆಂಬುದನ್ನು ಏಕಲವ್ಯನ ಕಥೆ ಕೇಳಿದವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಬಿಲ್ಲುಗಾರನಿಗೆ ಹೇಗೋ ಮೋಟಾರು ಸೈಕಲ್ಲಿನ ಸವಾರನಿಗೂ ಹಾಗೆಯೆ. ಬಲಗೈ ವೇಗವನ್ನೂ ಮುಂದಿನ ಬ್ರೇಕನ್ನೂ, ಎಡಗೈಯ ಬೆರಳುಗಳು ಕ್ಲಚ್ಚನ್ನೂ ನೋಡಿಕೊಳ್ಳುತ್ತಿರುವಾಗ ಬಿಡುವಾಗಿ ಉಳಿಯುವುದು ಎಡಗೈಯ ಹೆಬ್ಬೆರಳೊಂದೇ. ಎದುರಿನಿಂದ ಬರುವವನ ಕಣ್ಣು ಕುಕ್ಕದಂತೆ ದೀಪವನ್ನು ತಗ್ಗಿಸುವುದು, ಅಡ್ಡ ಓಡಿಬಂದ ಮಗುವನ್ನು ಹಾರನ್ ಒತ್ತಿ ಎಚ್ಚರಿಸುವುದು, ಇವೆರಡೂ ಆ ಬೆರಳಿನ ಪಾಲಿಗೆ ಬಂದ ಕೆಲಸಗಳು. ಆ ಬೆರಳು ತಡಕಾಡದೆ ಮುಟ್ಟಬೇಕಾದ ಪುಟ್ಟ ಸಾಧನವೇ ಹ್ಯಾಂಡಲ್ ಬಾರಿನ ಸ್ವಿಚ್ಚು.

ಹಳೆಯ ಮೋಟಾರು ಸೈಕಲ್ಲುಗಳನ್ನು ಜೀರ್ಣೋದ್ಧಾರ ಮಾಡುವ ಹವ್ಯಾಸ ಇಂದು ನಮ್ಮ ನಗರದಲ್ಲಿ ಚೆನ್ನಾಗಿ ಬೇರೂರಿದೆ. ಈ ಹವ್ಯಾಸಿಗಳು ಎಂಜಿನ್ನಿಗಾಗಿ ತಿಂಗಳುಗಟ್ಟಲೆ ಅಲೆಯುತ್ತಾರೆ. ಬಣ್ಣದ ಛಾಯೆ ಒಂದೆಳೆ ಹೆಚ್ಚುಕಡಮೆಯಾದರೂ ನಿದ್ರೆಗೆಡುತ್ತಾರೆ. ಎಲ್ಲವೂ ಮುಗಿದು ಕೈಯಲ್ಲಿನ ಹಣವೂ ತಾಳ್ಮೆಯೂ ತೀರುತ್ತ ಬಂದಾಗ ಸ್ವಿಚ್ಚಿನ ಸರದಿ ಬರುತ್ತದೆ. ಆಗ ಅಂಗಡಿಯಲ್ಲಿ ಕಣ್ಣಿಗೆ ಬಿದ್ದುದೊಂದನ್ನು ತಂದು ಬಿಗಿದುಬಿಡುವವರೇ ಹೆಚ್ಚು. ನೋಟದ ದೃಷ್ಟಿಯಿಂದಲೂ ಜೀವದ ದೃಷ್ಟಿಯಿಂದಲೂ ಈ ಉದಾಸೀನ ಸಲ್ಲದು. ಏಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಯಾದವಗಿರಿಯಿಂದ ಬಸವನಗುಡಿಗೆ

ಕನ್ನಡ ನಾಡಿನ ಮಟ್ಟಿಗೆ ಹಳೆಯ ಮೋಟಾರು ಸೈಕಲ್ಲೆಂದರೆ ಮೊದಲು ನೆನಪಾಗುವುದು ಜಾವಾ. ಅದರ ಮೂಲ ಚೆಕ್ ದೇಶದ್ದು. ೧೯೨೯ರಲ್ಲಿ ಪ್ರಾಗ್ ನಗರದಲ್ಲಿ ಯಾನೆಚೆಕ್ ಎಂಬಾತನು ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರು ಸೈಕಲ್ಲಿನ ವಿಭಾಗವನ್ನು ಕೊಂಡು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ 'ಜಾವಾ' ಎಂದು ಕರೆದನು. ೧೯೬೦ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆ ಸ್ಥಾಪನೆಯಾಗಿ, ಮರುವರ್ಷದಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ೨೫೦ ಸಿ.ಸಿ.ಯ ಜಾವಾಗಳು ತಯಾರಾಗತೊಡಗಿದವು. ೧೯೭೩ರಿಂದ ಅವಕ್ಕೆ 'ಯೆಜ್ದಿ' ಎಂಬ ನಾಮಾಂತರ ಪ್ರಾಪ್ತವಾಯಿತು. ೧೯೯೬ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಬಾಗಿಲು ಹಾಕಿದ್ದು ಕಾರ್ಖಾನೆಯೇ ಹೊರತು ಬಂಡಿಗಳಲ್ಲ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ, ಕಾಂಪೌಂಡಿಗೂ ಗೋಡೆಗೂ ನಡುವಣ ಓಣಿಯಲ್ಲಿ, ಗೋಣಿತಾಟು ಹೊದ್ದು ಮಲಗಿದ ಜಾವಾಗಳು ಎಷ್ಟೋ ಇದ್ದವು. ಅವು ತಂದೆಯವರ ಕಛೇರಿಯ ವಾಹನ. ಸೋದರಮಾವನ ಮದುವೆಯ ವರ್ಷ ಮನೆಗೆ ಬಂದ ವಾಹನ. ಮನೆ ಕೆಡವಿ ಮಹಡಿಗಳನ್ನೆಬ್ಬಿಸುವಾಗ ಕೆಲವು ಗುಜರಿಗೆ ಹೋದುವು, ಕೆಲವು ಮಕ್ಕಳ ಕೈಗೆ ಬಂದುವು. ಹಾಗೆ ಉಳಿದುಬಂದವುಗಳ ಮೆರವಣಿಗೆಯನ್ನು ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ, ಅಂತರರಾಷ್ಟ್ರೀಯ ಜಾವಾ ದಿನದಂದು ನೋಡಬೇಕು. ಹೊಗೆ ಕೆಲವರಿಗೆ ಸಹ್ಯವಾಗದಿರಬಹುದು. ಆ ನಾದವನ್ನು ಕೇಳಿ ತಿರುಗಿ ನೋಡದವರು ವಿರಳ.

ಹಿಡಿಯ ಮೇಲೆ ಏನೇನಿತ್ತು?

ಮೋಟಾರು ಸೈಕಲ್ಲಿನ ಬಾಲ್ಯಕಾಲದಲ್ಲಿ ಹ್ಯಾಂಡಲ್ ಬಾರಿನ ತುಂಬ ಸನ್ನೆಕಡ್ಡಿಗಳೇ ಇರುತ್ತಿದ್ದವು: ಪೆಟ್ರೋಲಿಗೊಂದು, ಗಾಳಿಗೊಂದು, ಕಿಡಿಯ ಕಾಲವನ್ನು ಹಿಂದುಮುಂದು ಮಾಡುವುದಕ್ಕೊಂದು. ಜಾವಾದ ಕಾಲಕ್ಕೆ ಅವೆಲ್ಲ ಮಾಯವಾಗಿ, ಎಡಗೈಯ ಬಳಿ ದೀಪದ ಡಿಪ್ ಸ್ವಿಚ್ಚೂ ಹಾರನ್ನಿನ ಗುಂಡಿಯೂ ಸೇರಿದ ಒಂದೇ ಪುಟ್ಟ ಕರಡಿಗೆ ಉಳಿಯಿತು. ಎಂಜಿನ್ನಿಗೆ ವಿದ್ಯುತ್ ಕೊಡುವ ಕೀಲಿ ಮಾತ್ರ ಹಿಡಿಯ ಮೇಲಿರಲಿಲ್ಲ. ಕೆಲವು ಮಾದರಿಗಳಲ್ಲಿ ಟ್ಯಾಂಕಿನ ಮೇಲೂ ಕೆಲವುಗಳಲ್ಲಿ ಹೆಡ್‌ಲೈಟಿನ ಬುರುಡೆಯ ಮೇಲೂ ಇತ್ತು. ಸ್ಟಾರ್ಟರ್ ಗುಂಡಿ, ಇಂಡಿಕೇಟರ್, ಎಂಜಿನ್ ನಿಲ್ಲಿಸುವ ಕೆಂಪು ಸ್ವಿಚ್ಚು, ಇವೆಲ್ಲ ಹಿಡಿಗೆ ಏರಿ ಕುಳಿತು ವಾಡಿಕೆಯಾದದ್ದು ೧೯೬೯ರ ಹೋಂಡಾ ಸಿ.ಬಿ. ೭೫೦ರಂಥ ಜಪಾನೀ ಬಂಡಿಗಳು ಲೋಕವನ್ನು ಗೆದ್ದ ಮೇಲೆ.

ಡಿಪ್ ಸ್ವಿಚ್ಚಿನ ಕೆಲಸ ಸರಳವಾದುದು. ಒಂದು ವೈರು ಒಳಗೆ ಬರುತ್ತದೆ. ಎರಡು ವೈರುಗಳು ಬಲ್ಬಿನ ಎರಡು ತಂತಿಗಳಿಗೆ ಹೊರಡುತ್ತವೆ. ಸನ್ನೆಯನ್ನು ತಿರುಗಿಸಿದಾಗ ಹಿತ್ತಾಳೆಯ ಸಣ್ಣ ನಾಲಗೆಯೊಂದು ಈ ಮನೆಯಿಂದ ಆ ಮನೆಗೆ ಹೊರಳುತ್ತದೆ. ಹಾರನ್ನಿನ ಗುಂಡಿಯಲ್ಲಿ ಮಾತ್ರ ಸ್ವಲ್ಪ ಚಮತ್ಕಾರವುಂಟು. ಹಳೆಯ ಬಂಡಿಗಳಲ್ಲಿ ಸಾಮಾನ್ಯವಾಗಿ ಗುಂಡಿಗೆ ಬರುವುದು ಒಂದೇ ವೈರು. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಹಾರನ್ನನ್ನು ಹಾಯ್ದು ಗುಂಡಿಗೆ ಬಂದು, ಗುಂಡಿಯನ್ನೊತ್ತಿದೊಡನೆ ಹ್ಯಾಂಡಲ್ ಬಾರಿನ ಲೋಹದ ಮೂಲಕವೇ ಹಿಂದಿರುಗುತ್ತದೆ. ಇದನ್ನೇ ಮೆಕ್ಯಾನಿಕರು 'ಅರ್ತ್ ಸಿಗುವುದು' ಎನ್ನುತ್ತಾರೆ.

ಇದನ್ನು ಅರಿಯದವರು ಹ್ಯಾಂಡಲ್ ಬಾರಿಗೆ ದಪ್ಪನೆಯ ಪೌಡರ್ ಕೋಟಿಂಗ್ ಹಾಕಿಸಿ, ಅದರ ಮೇಲೆ ಸ್ವಿಚ್ಚನ್ನು ಬಿಗಿದು, ಹಾರನ್ ಕೂಗಲಿಲ್ಲವೆಂದು ಹೊಸ ಹಾರನ್ ಕೊಂಡುತರುತ್ತಾರೆ. ಅದೂ ಕೂಗುವುದಿಲ್ಲ. ಬಣ್ಣವು ವಿದ್ಯುತ್ತನ್ನು ಬಿಡದೆ ದಾರಿಗೆ ಅಡ್ಡ ನಿಂತಿರುತ್ತದೆ. ಸ್ವಿಚ್ಚಿನ ಪಟ್ಟಿಯ ಕೆಳಗೆ, ಹೊರಗೆ ಕಾಣದಂತೆ, ಅರ್ಧ ಅಂಗುಲ ಬಣ್ಣವನ್ನು ಕೆರೆದರೆ ರೋಗ ವಾಸಿ. ಹ್ಯಾಂಡಲಿನಿಂದ ಫ್ರೇಮಿಗೆ ಪ್ರತ್ಯೇಕವಾದ ಅರ್ತ್ ವೈರೊಂದನ್ನು ಒಳಗಿಂದೊಳಗೇ ಎಳೆದರೆ ಇನ್ನೂ ಮೇಲು.

ಜಾವಾಕ್ಕಿಂತ ಹಿಂದಿನ ಮ್ಯಾಗ್ನೆಟೊ ಬಂಡಿಗಳನ್ನು ಕೈಗೆತ್ತಿಕೊಂಡವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಬ್ಯಾಟರಿಯ ಬಂಡಿಯಲ್ಲಿ ಎಂಜಿನ್ನು ನಿಲ್ಲಬೇಕಾದರೆ ಸ್ವಿಚ್ಚು ವಿದ್ಯುತ್ತಿನ ದಾರಿಯನ್ನು ಕಡಿಯಬೇಕು. ಮ್ಯಾಗ್ನೆಟೊ ಬಂಡಿಯಲ್ಲಾದರೋ ಸ್ವಿಚ್ಚು ದಾರಿಯನ್ನು ಕೂಡಿಸಿ, ಕಿಡಿಯಾಗಬೇಕಾದ ವಿದ್ಯುತ್ತನ್ನು ಅರ್ತಿಗೆ ಹರಿಸಬೇಕು. ನೋಡಲು ಒಂದೇ ಬಗೆಯ ಗುಂಡಿ, ಕೆಲಸ ತದ್ವಿರುದ್ಧ. ಒಂದರದನ್ನು ಇನ್ನೊಂದಕ್ಕೆ ಹಾಕಿದರೆ 'ನಿಲ್ಲು' ಎಂದಾಗ ಓಡುವ, 'ಓಡು' ಎಂದಾಗ ನಿಲ್ಲುವ ಬಂಡಿ ಸಿದ್ಧವಾಗುತ್ತದೆ.

ಆರು ವೋಲ್ಟಿನ ಲೆಕ್ಕಾಚಾರ

ಹಳೆಯ ಜಾವಾದ ಬ್ಯಾಟರಿ ೬ ವೋಲ್ಟಿನದು. ಹೆಡ್‌ಲೈಟಿನ ಬಲ್ಬು ೩೫ ವ್ಯಾಟಿನದಾದರೆ ಅದು ಸುಮಾರು ೫.೮ ಆಂಪಿಯರ್ ಎಳೆಯುತ್ತದೆ. ಅದೇ ಬಲ್ಬು ೧೨ ವೋಲ್ಟಿನದಾಗಿದ್ದರೆ ೨.೯ ಮಾತ್ರ. ಅಂದರೆ ಹಳೆಯ ಬಂಡಿಯ ಪುಟ್ಟ ಸ್ವಿಚ್ಚು ಇಂದಿನದಕ್ಕಿಂತ ಇಮ್ಮಡಿ ಹೊರೆಯನ್ನು ಹೊರುತ್ತದೆ. ಕಿಲುಬು ಹಿಡಿದ ಕಾಂಟ್ಯಾಕ್ಟಿನಲ್ಲಿ ಓಮಿನ ಹತ್ತನೆಯ ಒಂದು ಭಾಗದಷ್ಟು ತಡೆಯಿದ್ದರೂ ಆರು ವೋಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ವೋಲ್ಟು, ಎಂದರೆ ನೂರಕ್ಕೆ ಸುಮಾರು ಹತ್ತು ಪಾಲು, ಅಲ್ಲೇ ಸೋರಿಹೋಗುತ್ತದೆ. ವೋಲ್ಟು ಹತ್ತು ಪಾಲು ಇಳಿದರೆ ಬೆಳಕು ಇಳಿಯುವುದು ಹತ್ತು ಪಾಲಲ್ಲ, ಸುಮಾರು ಮೂವತ್ತು ಪಾಲು. "ಜಾವಾದ ದೀಪವೆಂದರೆ ಹಣತೆ" ಎಂಬ ಅಪವಾದದಲ್ಲಿ ಡೈನಮೊವಿನ ಪಾಲಿರುವಂತೆ ಕೊಳೆಯಾದ ಸ್ವಿಚ್ಚಿನ ಪಾಲೂ ಇದೆ.

ಹಳೆಯದನ್ನು ಎಸೆಯಬೇಡಿ

ಕಲಾಸಿಪಾಳ್ಯ, ಜೆ.ಸಿ. ರಸ್ತೆಗಳ ಬಿಡಿಭಾಗಗಳ ಅಂಗಡಿಗಳನ್ನು ತಾಳ್ಮೆಯಿಂದ ವಿಚಾರಿಸಿದರೆ ಸ್ವಿಚ್ಚುಗಳೇನೋ ದೊರೆಯುತ್ತವೆ. ಹೊಸ ನಕಲುಗಳು ಹೊರಗೆ ಥಳಥಳಿಸಿದರೂ ಎಷ್ಟೋ ವೇಳೆ ಒಳಗಿನ ಹಿತ್ತಾಳೆ ತೆಳುವಾಗಿದ್ದು, ಸ್ಪ್ರಿಂಗು ಬಲಹೀನವಾಗಿರುತ್ತದೆ. ಆದಕಾರಣ ಬಂಡಿಯೊಂದಿಗೇ ಬಂದ ಮೂಲ ಸ್ವಿಚ್ಚು ಮುರಿದು ಚೂರಾಗಿಲ್ಲದಿದ್ದರೆ ಅದನ್ನೇ ಉಳಿಸಿಕೊಳ್ಳುವುದು ವಿವೇಕ. ಅಗಲವಾದ ತಟ್ಟೆಯೊಂದರಲ್ಲಿ ಬಟ್ಟೆ ಹಾಸಿ ಅದನ್ನು ಬಿಚ್ಚಬೇಕು. ಒಳಗಿನ ಸ್ಪ್ರಿಂಗಾಗಲಿ ಸಾಸಿವೆಗಾತ್ರದ ಗುಂಡಾಗಲಿ ಚಿಮ್ಮಿ ಬಚ್ಚಲಿಗೆ ಹಾರಿದರೆ ಮತ್ತೆ ಸಿಕ್ಕುವುದು ದೈವಾಧೀನ. ಕಾಂಟ್ಯಾಕ್ಟುಗಳನ್ನು ನಯವಾದ ಮರಳುಕಾಗದದಿಂದ ಹೊಳಪು ಬರುವಷ್ಟೇ ಉಜ್ಜಿ, ಸಡಿಲವಾದ ನಾಲಗೆಯನ್ನು ಮೆಲ್ಲಗೆ ಬಾಗಿಸಿ, ವೈರಿನ ತುದಿಗಳನ್ನು ಹೊಸದಾಗಿ ಬೆಸುಗೆ ಹಾಕಿದರೆ ಅದು ಇನ್ನೊಂದು ತಲೆಮಾರು ಬಾಳುತ್ತದೆ. ವೈರು, ಬೆಸುಗೆ, ರಬ್ಬರ್ ಬಳೆ ಮೊದಲಾದವಕ್ಕೆ ಎಸ್.ಪಿ. ರಸ್ತೆಯೇ ಸಾಕು.

ಕ್ರೋಮ್ ಪ್ಲೇಟಿಂಗಿನ ಬಗ್ಗೆ ಎಚ್ಚರಿಕೆಯ ಮಾತೊಂದು. ಹ್ಯಾಂಡಲ್ ಬಾರು ಉಕ್ಕಿನದು. ಸ್ವಿಚ್ಚಿನ ಕರಡಿಗೆ ಅನೇಕ ವೇಳೆ ಸತುವಿನ ಮಿಶ್ರಲೋಹದ ಎರಕ. ಎರಡನ್ನೂ ಒಂದೇ ಚೀಲದಲ್ಲಿ ಹಾಕಿ ಪ್ಲೇಟಿಂಗಿನವರಿಗೆ ಕೊಟ್ಟರೆ, ಉಕ್ಕಿನ ತುಕ್ಕು ತೆಗೆಯುವ ಆಮ್ಲದಲ್ಲಿ ಸತುವು ಕರಗತೊಡಗುತ್ತದೆ. ಹಾರನ್ನಿನ ಗುಂಡಿ ಬೇಡಿ ಹೋದವರಿಗೆ ಸವೆದ ಗುಜ್ಜು ದೊರಕೀತು. ಆದ್ದರಿಂದ "ಇದು ಬೇರೆ ಲೋಹ" ಎಂದು ಬಾಯಿಬಿಟ್ಟು ಹೇಳಿ ಪ್ರತ್ಯೇಕವಾಗಿ ಕೊಡಬೇಕು.

ಕೂರಿಸುವ ಕ್ರಮ

ಕೆಲಸವನ್ನು ಆರಂಭಿಸುವ ಮುನ್ನ ಬ್ಯಾಟರಿಯ ವೈರನ್ನು ಕಳಚಬೇಕು. ಹಳೆಯ ವೈರುಗಳನ್ನು ಬಿಚ್ಚುವಾಗ ಯಾವುದು ಎಲ್ಲಿಗೆ ಎಂಬುದನ್ನು ಚೀಟಿ ಕಟ್ಟಿ ಗುರುತಿಸಿಕೊಳ್ಳಬೇಕು; ಬಣ್ಣವನ್ನು ನಂಬುವಂತಿಲ್ಲ, ಐವತ್ತು ವರ್ಷದ ಧೂಳಿನಲ್ಲಿ ಎಲ್ಲವೂ ಕಂದುಬಣ್ಣವೇ. ವೈರು ಹ್ಯಾಂಡಲ್ ಬಾರಿನ ಒಳಗಿನಿಂದ ಹಾದುಹೋಗುವ ಬಂಡಿಗಳಲ್ಲಿ ಹಳೆಯ ವೈರಿನ ಬಾಲಕ್ಕೆ ಗಟ್ಟಿಯಾದ ದಾರವೊಂದನ್ನು ಕಟ್ಟಿ ಆಮೇಲೆ ಎಳೆಯಬೇಕು. ವೈರು ಹೊರಬಂದಂತೆ ದಾರ ಒಳಗೆ ಉಳಿಯುತ್ತದೆ; ಅದೇ ದಾರದಿಂದ ಹೊಸ ವೈರನ್ನು ಒಳಕ್ಕೆ ಎಳೆದುಕೊಳ್ಳಬಹುದು. ವೈರು ಹೊಗುವ ತೂತಿನ ಅಂಚನ್ನು ಅರದಿಂದ ನಯಮಾಡಿ ರಬ್ಬರ್ ಬಳೆಯನ್ನು ತೊಡಿಸದಿದ್ದರೆ, ಎಂಜಿನ್ನಿನ ಅದುರಾಟಕ್ಕೆ ಆ ಅಂಚೇ ಗರಗಸವಾಗಿ ವೈರಿನ ಸಿಪ್ಪೆಯನ್ನು ತಿನ್ನುತ್ತದೆ.

ಗ್ರಿಪ್ಪು, ಕ್ಲಚ್ಚಿನ ಲಿವರು, ಸ್ವಿಚ್ಚು ಮೂರನ್ನೂ ಮೊದಲು ಸಡಿಲವಾಗಿ ಕೂರಿಸಿ, ಸವಾರನೇ ಸೀಟಿನ ಮೇಲೆ ಕುಳಿತು ಕೈಚಾಚಿ ನೋಡಬೇಕು. ಸ್ವಿಚ್ಚಿನ ಸ್ಥಾನವನ್ನು ನಿರ್ಣಯಿಸಬೇಕಾದುದು ಬಂಡಿಯ ಪಕ್ಕದಲ್ಲಿ ನಿಂತ ಮೆಕ್ಯಾನಿಕನ ಕಣ್ಣಲ್ಲ, ಸವಾರನ ಹೆಬ್ಬೆರಳು. ಬಿಗಿಯುವಾಗಲೂ ಮಿತಿ ಬೇಕು. ಅತಿಯಾಗಿ ತಿರುಗಿಸಿದರೆ ಎರಕದ ಕಿವಿ ಮುರಿಯುತ್ತದೆ. ಅನಂತರ ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿ, ಯಾವ ವೈರೂ ಸೆಳೆತಕ್ಕೆ ಸಿಕ್ಕದೆಯೂ ಎಲ್ಲಿಯೂ ನಜ್ಜಾಗದೆಯೂ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ನೇರ ರಸ್ತೆಯಲ್ಲಿ ಚೆನ್ನಾಗಿ ಉರಿದು ತಿರುವಿನಲ್ಲಿ ಆರುವ ದೀಪಕ್ಕಿಂತ ಅಪಾಯಕರವಾದುದು ಬೇರೊಂದಿಲ್ಲ. ಬ್ಯಾಟರಿಯನ್ನು ಕೂಡಿಸುವಾಗ ಯಾವ ಧ್ರುವ ಅರ್ತಿಗೆ ಎಂಬುದನ್ನೂ ನೋಡಬೇಕು. ಬ್ರಿಟನ್ನಿನ ಹಲವು ಹಳೆಯ ಬಂಡಿಗಳಲ್ಲಿ ಅರ್ತಿಗೆ ಸೇರಿದ್ದು ಧನಧ್ರುವ.

ಸಂಪಾದಕನ ಧರ್ಮ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಂಡಿಕೇಟರಿಲ್ಲದ ಬಂಡಿಯನ್ನು ಇಂದಿನ ವಾಹನಸಂದಣಿಯಲ್ಲಿ ನಡೆಸುವುದು ಕ್ಷೇಮವೆ? ಮೂಲಕ್ಕೆ ನಿಷ್ಠರಾಗಿರುವುದು ದೊಡ್ಡದೋ, ಜೀವವನ್ನು ಉಳಿಸಿಕೊಳ್ಳುವುದು ದೊಡ್ಡದೋ?

ಕನ್ನಡ ಓದಿದವರಿಗೆ ಇದು ಹೊಸ ಪ್ರಶ್ನೆಯಲ್ಲ. ತಾಳೆಗರಿಯಲ್ಲಿ ಹುಳು ತಿಂದ ಅಕ್ಷರವನ್ನು ಗ್ರಂಥಸಂಪಾದಕನು ಊಹಿಸಿ ತುಂಬುವುದುಂಟು. ಆದರೆ ಅದನ್ನು ಕಂಸದಲ್ಲಿಟ್ಟು, ಇದು ತಾನು ಸೇರಿಸಿದ್ದೆಂದು ತೋರಿಸುತ್ತಾನೆ. ಉತ್ತಮವಾದ ಇನ್ನೊಂದು ಪ್ರತಿ ದೊರೆತ ದಿನ ಅದನ್ನು ತೆಗೆದುಹಾಕುವುದಕ್ಕೆ ದಾರಿಯಿಟ್ಟಿರುತ್ತಾನೆ. ಕವಿಯ ಮಾತನ್ನು ಅಳಿಸಿ ತನ್ನ ಮಾತನ್ನು ಬರೆಯುವವನು ಸಂಪಾದಕನಲ್ಲ. ಬಂಡಿಯ ಜೀರ್ಣೋದ್ಧಾರಕನಿಗೂ ಇದೇ ಧರ್ಮ. ಸೇರಿಸಬೇಕಾದುದನ್ನು ಸೇರಿಸಲಿ, ಆದರೆ ಸೇರಿಸಿದ್ದು ತೆಗೆಯಲು ಬರುವಂತಿರಲಿ.

ಇಂಡಿಕೇಟರ್ ಬೇಕೆ? ಅದರ ಸ್ವಿಚ್ಚನ್ನು ಪಟ್ಟಿಯಿಂದ ಹಿಡಿಗೆ ಕಟ್ಟಿರಿ. ಹ್ಯಾಂಡಲ್ ಬಾರಿಗೆ ಹೊಸ ತೂತು ಕೊರೆಯಬೇಡಿ. ತೂತು ಲೋಹವನ್ನು ದುರ್ಬಲಗೊಳಿಸುತ್ತದೆ, ಮತ್ತು ಅದನ್ನು ಮುಚ್ಚುವ ವಿದ್ಯೆ ಯಾರಲ್ಲಿಯೂ ಇಲ್ಲ. ಬೆಳಕು ಸಾಲದೆ? ಹೆಡ್‌ಲೈಟಿನ ಬುರುಡೆಯೊಳಗೆ ೬ ವೋಲ್ಟಿನ ರಿಲೇಯೊಂದನ್ನು ಅಡಗಿಸಿಡಿ. ಆಗ ದೀಪದ ಹೊರೆಯನ್ನು ರಿಲೇ ಹೊತ್ತು, ಹಳೆಯ ಸ್ವಿಚ್ಚಿನಲ್ಲಿ ಅರ್ಧ ಆಂಪಿಯರಿಗಿಂತ ಕಡಮೆ ವಿದ್ಯುತ್ತು ಹರಿಯುತ್ತದೆ. ಮುದುಕನಿಗೆ ಆಜ್ಞೆ ಮಾಡುವ ಅಧಿಕಾರ ಉಳಿಯಿತು, ಮೂಟೆ ಹೊರುವ ಕಷ್ಟ ತಪ್ಪಿತು! ಬ್ಯಾಟರಿಯ ಪಕ್ಕದಲ್ಲಿ ಫ್ಯೂಸಿಲ್ಲದಿದ್ದರೆ ಒಂದನ್ನು ಅವಶ್ಯವಾಗಿ ಹಾಕಿರಿ. ಇಡೀ ವೈರಿಂಗು ಹೊತ್ತಿಕೊಳ್ಳುವುದನ್ನು ಅದು ತಪ್ಪಿಸುತ್ತದೆ.

ಕಾನೂನೂ ಈ ನಿಷ್ಠೆಯನ್ನೇ ಬಯಸುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ೨೦೨೧ರ ಜುಲೈಯಲ್ಲಿ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ ೫೦ ವರ್ಷ ದಾಟಿ, ಮೂಲರೂಪದಲ್ಲಿಯೇ ಇದ್ದು, ಚಾಸಿ, ಕವಚ, ಎಂಜಿನ್ನುಗಳಲ್ಲಿ ಭಾರಿ ಮಾರ್ಪಾಡಾಗದ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು, ಅಂಥವಕ್ಕೆ 'ವಿ.ಎ.' ಎಂಬ ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ. ಹಾಗೆ ನೋಂದಾಯಿಸಿದ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸುವಂತಿಲ್ಲ.

ಕಾರ್ಖಾನೆ ಮುಚ್ಚಿ ದಶಕಗಳೇ ಉರುಳಿವೆ. ಇನ್ನು ಯಾದವಗಿರಿಯಿಂದ ಹೊಸದೊಂದು ಸ್ವಿಚ್ಚು ಬರಲಾರದು. ಒಬ್ಬರು ಎಸೆದ ಪ್ರತಿಯೊಂದು ಹಳೆಯ ಕರಡಿಗೆಯೂ ಎಲ್ಲರ ಪಾಲಿಗೂ ಕಳೆದುಹೋದಂತೆ. ಬದಲಾಯಿಸಲೇಬೇಕಾಗಿ ಬಂದರೆ ಕಳಚಿದ್ದನ್ನು ಒಂದು ಡಬ್ಬಿಯಲ್ಲಿಟ್ಟು, ಯಾವ ಬಂಡಿಯದೆಂದು ಚೀಟಿ ಬರೆದು, ಮನೆಯ ಅಟ್ಟದಲ್ಲಿರಿಸಿರಿ. ಮುಂದೆ ಆ ಬಂಡಿಯನ್ನು ಕೈಗೆತ್ತಿಕೊಳ್ಳುವ ಮಗಳಿಗೋ ಮೊಮ್ಮಗನಿಗೋ ಅದಕ್ಕಿಂತ ಬೆಲೆಯುಳ್ಳ ಆಸ್ತಿ ಅಂಗಡಿಯಲ್ಲಿ ಸಿಕ್ಕಲಾರದು.