ಮುಗಿಲ ಮನೆಗೆ ಮುಪ್ಪು

ಮಳೆ ಕೈಕೊಟ್ಟ ವರ್ಷಗಳಲ್ಲಿ, ಬೇಸಗೆಯ ಕೊನೆಯ ದಿನಗಳಲ್ಲಿ ಸಾಗರ ತಾಲ್ಲೂಕಿನ ಮಡೆನೂರಿನ ಕಡೆಗೆ ಹೋದವರಿಗೆ ಸೋಜಿಗದ ನೋಟವೊಂದು ಕಾಣಸಿಗುತ್ತದೆ. ಶರಾವತಿಯ ಹಿನ್ನೀರು ಇಳಿಯುತ್ತ ಬಂದಂತೆ, ಬಿರಿದ ಕೆಸರಿನ ನಡುವೆ ಹಳೆಯ ಅಣೆಕಟ್ಟೊಂದು ಮೆಲ್ಲಮೆಲ್ಲನೆ ತಲೆಯೆತ್ತುತ್ತದೆ. ಅದೇ ಹಿರೇಭಾಸ್ಕರ ಅಣೆಕಟ್ಟು. ೧೯೪೮ರಲ್ಲಿ ಕೆಲಸ ಆರಂಭಿಸಿದ ಜೋಗದ ವಿದ್ಯುದಾಗಾರಕ್ಕೆ ನೀರೂಡಿಸಲೆಂದು ಕಟ್ಟಿದ ಕಟ್ಟೆ. ೧೯೬೪ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಎದ್ದು ನಿಂತಾಗ, ಹಳೆಯದು ಹೊಸದರ ಒಡಲೊಳಗೆ ಮುಳುಗಿಹೋಯಿತು. ಅದನ್ನು ಯಾರೂ ಒಡೆಯಲಿಲ್ಲ. ಒಡೆಯುವ ಅಗತ್ಯವೂ ಇರಲಿಲ್ಲ. ತನ್ನ ಕೆಲಸ ಮುಗಿಸಿದ ಆ ಕಟ್ಟೆ ಅಂದಿನಿಂದ ನೀರಿನಡಿಯಲ್ಲಿ ಯಾರ ಗೊಡವೆಗೂ ಹೋಗದೆ ಮಲಗಿದೆ.

ಕೆಲಸ ಮುಗಿದ ಕಟ್ಟಡವನ್ನು ಇದ್ದಲ್ಲಿಯೇ ಬಿಟ್ಟು ಬರುವ ಸೌಕರ್ಯ ನೆಲದ ಮೇಲಿನವರಿಗುಂಟು. ಆದರೆ ಆಕಾಶದಲ್ಲಿ ಕಟ್ಟಿದ ಮನೆಗೆ ವಯಸ್ಸಾದರೆ ಮಾಡುವುದೇನು? ಈ ಪ್ರಶ್ನೆ ಈಗ ಬರಿಯ ಕಲ್ಪನೆಯದಾಗಿ ಉಳಿದಿಲ್ಲ.

ಅಂಗಳದಿಂದ ಕಾಣುವ ಮನೆ

ತೀರ್ಥಹಳ್ಳಿ, ಹೊಸನಗರ, ಸಾಗರಗಳ ಸೀಮೆಯಲ್ಲಿ ಮಳೆಗಾಲವೆಂದರೆ ಆಕಾಶವೇ ಮರೆತುಹೋಗುವ ಕಾಲ. ಆಗುಂಬೆಯ ಮಾತಂತೂ ಹೇಳಬೇಕಾಗಿಯೇ ಇಲ್ಲ. ದೀಪಾವಳಿ ಕಳೆದು, ಮೋಡ ಚೆದುರಿ, ಮನೆಮನೆಯ ಅಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ ಆರಂಭವಾದ ಮೇಲೆ ಕೆಲವು ಸಂಜೆಗಳಲ್ಲಿ ತಲೆಯೆತ್ತಿ ನೋಡಿರಿ. ಮಿನುಗದ, ಸದ್ದಿಲ್ಲದ, ಶುಕ್ರನಂತೆ ಬೆಳಗುವ ಒಂದು ಚುಕ್ಕೆ ಆಕಾಶದ ಒಂದು ಅಂಚಿನಿಂದ ಇನ್ನೊಂದರ ಕಡೆಗೆ ಸಾಗುವುದು ಕಂಡೀತು. ನಾಲ್ಕಾರು ನಿಮಿಷಗಳಲ್ಲಿ ಅದು ಭೂಮಿಯ ನೆರಳನ್ನು ಹೊಕ್ಕು ಮರೆಯಾಗುತ್ತದೆ. ಅದು ನಕ್ಷತ್ರವಲ್ಲ, ಜನ ವಾಸಿಸುವ ಮನೆ!

ಅಮೆರಿಕ, ರಷ್ಯ, ಯೂರೋಪ್, ಜಪಾನ್ ಮತ್ತು ಕೆನಡ ಕೂಡಿ ಕಟ್ಟಿದ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣವಿದು. ಇದರ ಮೊದಲ ಭಾಗ ಮೇಲೇರಿದ್ದು ೧೯೯೮ರ ನವೆಂಬರ್ ೨೦ರಂದು. ೨೦೦೦ದ ನವೆಂಬರ್ ೨ರಂದು ಮೊದಲ ವಾಸಿಗಳು ಒಳಹೊಕ್ಕರು. ಅಂದಿನಿಂದ ಆ ಮನೆಯಲ್ಲಿ ಜನರಿಲ್ಲದ ದಿನವಿಲ್ಲ. ೧೦೯ ಮೀಟರ್ ಉದ್ದ, ಸುಮಾರು ೪೨೦ ಟನ್ ತೂಕ. ಸುಮಾರು ೪೦೦ ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ ೨೮,೦೦೦ ಕಿಲೋಮೀಟರ್ ವೇಗದಲ್ಲಿ, ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಬಳಸಿ ಬರುತ್ತದೆ. ನಮ್ಮ ಶುಭಾಂಶು ಶುಕ್ಲಾ ೨೦೨೫ರ ಜೂನ್‌ನಲ್ಲಿ ಅಲ್ಲಿಗೆ ಹೋದಾಗ, ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಅಲ್ಲಿನ ಐ.ಐ.ಟಿ.ಯೂ ರೂಪಿಸಿದ ಪ್ರಯೋಗವೊಂದು ಜೊತೆಯಲ್ಲಿ ಹೋಗಿತ್ತು. ಹೆಸರುಕಾಳು, ಮೆಂತ್ಯ—ನಮ್ಮ ಅಡುಗೆಮನೆಯ ಡಬ್ಬಿಗಳಲ್ಲಿರುವ ಕಾಳುಗಳೇ—ಆ ಮುಗಿಲ ಮನೆಯಲ್ಲಿ ಮೊಳಕೆಯೊಡೆದವು.

ಇಂತಹ ಮನೆಗೆ ಈಗ ಮುಪ್ಪು ಬಂದಿದೆ. ದಿನಕ್ಕೆ ಹದಿನಾರು ಬಾರಿ ಸೂರ್ಯೋದಯ, ಹದಿನಾರು ಬಾರಿ ಸೂರ್ಯಾಸ್ತ. ಕಾದು, ತಣಿದು, ಮತ್ತೆ ಕಾದು ಲೋಹ ಸೋಲುತ್ತದೆ. ಒಂದೊಂದು ನೌಕೆ ಬಂದು ತಗಲಿಕೊಂಡಾಗಲೂ ಮೈಗೆ ನಡುಕ. ರಷ್ಯದ ಜ್ವೆಜ್ದಾ ಎಂಬ ಭಾಗಕ್ಕೆ ಸೇರಿದ ಕಿರುಹಾದಿಯೊಂದರಲ್ಲಿ ೨೦೧೯ರಲ್ಲಿ ಗಾಳಿ ಸೋರುವುದು ಕಂಡುಬಂದಿತು. ಹೆಂಚು ಸರಿಸಿ ಸೋರುವ ಕಡೆ ಕಂಡುಹಿಡಿದಷ್ಟು ಸುಲಭದ ಕೆಲಸ ಅದಲ್ಲ.

ನಾಲ್ಕು ದಾರಿಗಳು

ಮಲೆನಾಡಿನಲ್ಲಿ ಹಳೆಯ ಮನೆಯನ್ನು ಬಿಚ್ಚುವ ಕ್ರಮವೊಂದಿದೆ. ಹೆಂಚು ಇಳಿಸಿ, ರೀಪು ಪಕಾಸು ಕಳಚಿ, ತೊಲೆ ಕಂಬಗಳನ್ನು ಜತನದಿಂದ ತೆಗೆದಿಟ್ಟು, ಹೊಸ ಮನೆಗೆ ಬಳಸುವುದುಂಟು. ಅಂತರಿಕ್ಷದ ಮನೆಯನ್ನೂ ಹೀಗೆಯೇ ಬಿಚ್ಚಿ ತರಬಾರದೇಕೆ? ಅದನ್ನು ಜೋಡಿಸಲು ಯಾತ್ರಿಕರು ೧೬೦ಕ್ಕೂ ಹೆಚ್ಚು ಬಾರಿ ನೌಕೆಯಿಂದ ಹೊರಬಂದು ಶೂನ್ಯದಲ್ಲಿ ತೇಲುತ್ತ ದುಡಿದಿದ್ದಾರೆ. ಬಿಚ್ಚಲೂ ಅಷ್ಟೇ ದುಡಿಮೆ, ಅಷ್ಟೇ ಅಪಾಯ. ಬಿಚ್ಚಿದರೂ ಹೊತ್ತು ತರುವ ಬಂಡಿ ಎಲ್ಲಿ? ಆ ದೊಡ್ಡ ಭಾಗಗಳನ್ನು ಒಡಲಲ್ಲಿಟ್ಟು ಸಾಗಿಸಬಲ್ಲ ಅಮೆರಿಕದ ಷಟಲ್ ನೌಕೆಗಳು ೨೦೧೧ರಲ್ಲಿಯೇ ಹಾರಾಟ ನಿಲ್ಲಿಸಿದವು.

ಎರಡನೆಯ ದಾರಿ, ಇನ್ನೂ ಎತ್ತರಕ್ಕೆ ತಳ್ಳಿ ವಸ್ತುಸಂಗ್ರಹಾಲಯದಂತೆ ಉಳಿಸುವುದು. ಮನಸ್ಸಿಗೆ ಹಿತವಾದ ಆಲೋಚನೆ! ಆದರೆ ನೂರು ವರ್ಷ ನಿಲ್ಲಬೇಕಾದರೆ ೬೪೦ ಕಿಲೋಮೀಟರಿಗಿಂತಲೂ ಮೇಲಕ್ಕೆ ಏರಿಸಬೇಕು. ಅದಕ್ಕೆ ಸುಮಾರು ೨೦ ಟನ್ ಇಂಧನ ಬೇಕು. ಅಷ್ಟು ಮಾಡಿದರೂ, ಅಲ್ಲಿ ಹಳೆಯ ಉಪಗ್ರಹಗಳ ಚೂರುಗಳ ಕಾಟ ಇಲ್ಲಿಗಿಂತ ಹೆಚ್ಚು. ಕಾವಲಿಲ್ಲದ ಮನೆಗೆ ಚೂರೊಂದು ಬಡಿದರೆ, ಒಂದು ಮನೆಯೇ ಸಾವಿರ ಚೂರುಗಳಾಗಿ ಉಳಿದ ಉಪಗ್ರಹಗಳಿಗೆಲ್ಲ ಕಂಟಕವಾದೀತು.

ಮೂರನೆಯದು, ಸುಮ್ಮನೆ ಬಿಟ್ಟುಬಿಡುವುದು. ಹಿರೇಭಾಸ್ಕರಕ್ಕೆ ಸಲ್ಲುವ ಈ ನ್ಯಾಯ ಇಲ್ಲಿ ಸಲ್ಲದು. ೪೦೦ ಕಿಲೋಮೀಟರ್ ಎತ್ತರದಲ್ಲಿಯೂ ಗಾಳಿಯ ತೆಳುವಾದ ಅಂಶವಿದೆ. ಅದರ ತಡೆಯಿಂದ ನಿಲ್ದಾಣ ದಿನದಿನವೂ ಇಳಿಯುತ್ತಿರುತ್ತದೆ. ಆಗಾಗ ಎಂಜಿನು ಉರಿಸಿ ಮೇಲಕ್ಕೆ ದೂಡಬೇಕಾಗುತ್ತದೆ. ದೂಡುವುದನ್ನು ನಿಲ್ಲಿಸಿದರೆ ಅದು ಬಿದ್ದೇ ಬೀಳುತ್ತದೆ. ಎಲ್ಲಿ ಬಿದ್ದೀತೆಂದು ಹೇಳಬಲ್ಲವರಿಲ್ಲ.

ಬಿದ್ದವುಗಳ ಕಥೆ

ಇದು ಬರಿಯ ಬೆದರಿಕೆಯಲ್ಲ. ೧೯೭೯ರ ಜುಲೈ ತಿಂಗಳು ನೆನಪಿರುವ ಹಿರಿಯರು ಮನೆಗಳಲ್ಲಿರಬಹುದು, ಕೇಳಿ ನೋಡಿ. ೭೭ ಟನ್ ತೂಕದ ಅಮೆರಿಕದ 'ಸ್ಕೈಲ್ಯಾಬ್' ಹಿಡಿತ ತಪ್ಪಿ ಇಳಿಯುತ್ತಿದೆಯೆಂಬ ಸುದ್ದಿಗೆ ನಮ್ಮ ದೇಶದಲ್ಲಿಯೂ ಜನ ಕಂಗಾಲಾಗಿದ್ದರು. ೧೧ರಂದು ಅದರ ಚೂರುಗಳು ಹಿಂದೂ ಮಹಾಸಾಗರವನ್ನು ದಾಟಿ ಪಶ್ಚಿಮ ಆಸ್ಟ್ರೇಲಿಯದ ಎಸ್ಪೆರೆನ್ಸ್ ಸುತ್ತ ಬಿದ್ದವು. ಕಸ ಚೆಲ್ಲಿದ ತಪ್ಪಿಗೆ ಅಲ್ಲಿನ ಪುರಸಭೆ ಅಮೆರಿಕದ ನಾಸಾ ಸಂಸ್ಥೆಗೆ ೪೦೦ ಡಾಲರ್ ದಂಡ ಹಾಕಿತಂತೆ! ೧೯೯೧ರ ಫೆಬ್ರವರಿಯಲ್ಲಿ ರಷ್ಯನರ 'ಸಲ್ಯೂತ್-೭' ಅರ್ಜೆಂಟೀನದ ಊರುಗಳ ಮೇಲೆ ಚೂರು ಸುರಿಸಿತು. ಯಾರಿಗೂ ಪೆಟ್ಟಾಗಲಿಲ್ಲವೆಂಬುದು ಅದೃಷ್ಟವೇ ಹೊರತು ಯೋಜನೆಯ ಫಲವಲ್ಲ.

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಈಗಿನ ನಿಲ್ದಾಣದಿಂದಲೇ ೨೦೨೧ರಲ್ಲಿ ಹಳೆಯ ಬ್ಯಾಟರಿಗಳ ಒಂದು ಹೊರೆಯನ್ನು ಕಳಚಿ ಬಿಡಲಾಯಿತು. ತಾನಾಗಿಯೇ ಇಳಿದು ಉರಿದುಹೋದೀತೆಂದು ಎಣಿಕೆ. ೨೦೨೪ರ ಮಾರ್ಚ್ ೮ರಂದು ಅದರ ಮುಕ್ಕಾಲು ಕಿಲೋಗಿಂತ ತುಸು ಕಡಿಮೆ ತೂಕದ ಲೋಹದ ತುಂಡೊಂದು ಉರಿಯದೆ ಉಳಿದು, ಅಮೆರಿಕದ ಫ್ಲಾರಿಡದಲ್ಲಿ ಒಂದು ಮನೆಯ ಮಾಡನ್ನೂ ಒಳಗಿನ ನೆಲವನ್ನೂ ಭೇದಿಸಿತು. ಒಂದು ಹೊರೆಯ ಪಾಡೇ ಇದಾದರೆ ೪೨೦ ಟನ್ನಿನ ಮನೆಯ ಪಾಡೇನು?

ಬೆಂಗಳೂರು ಕಲಿಸಿದ ಪಾಠ

ಹಾಗಾದರೆ ಉಳಿದ ದಾರಿ ಒಂದೇ: ಕೈಹಿಡಿದು ಇಳಿಸಿ, ಯಾರೂ ಇಲ್ಲದ ಕಡಲಿಗೆ ಒಪ್ಪಿಸುವುದು. ಈ ಕೆಲಸದ ಕಷ್ಟವೇನೆಂಬುದನ್ನು ನಮ್ಮ ಬೆಂಗಳೂರಿನವರೇ ಕಂಡಿದ್ದಾರೆ. ಭಾರತ ಮತ್ತು ಫ್ರಾನ್ಸ್ ಕೂಡಿ ೨೦೧೧ರ ಅಕ್ಟೋಬರ್ ೧೨ರಂದು ಹಾರಿಸಿದ 'ಮೇಘಾ-ಟ್ರೋಪಿಕ್ಸ್' ಎಂಬ ಉಪಗ್ರಹ ಉಷ್ಣವಲಯದ ಮೋಡ ಮಳೆಗಳನ್ನು ನೋಡುತ್ತ, ಮೂರು ವರ್ಷದ ಆಯುಸ್ಸಿಗೆ ಹತ್ತು ವರ್ಷ ಬಾಳಿತು. ಬಿಟ್ಟಿದ್ದರೆ ಇನ್ನೂ ನೂರು ವರ್ಷ ಸತ್ತ ಹೊರೆಯಾಗಿ ಸುತ್ತುತ್ತಿತ್ತು. ಹೀಗೆ ಇಳಿಸಬೇಕೆಂದು ಅದನ್ನು ರೂಪಿಸಿರಲಿಲ್ಲ. ಆದರೂ ತೊಟ್ಟಿಯಲ್ಲಿ ಸುಮಾರು ೧೨೫ ಕಿಲೋ ಇಂಧನ ಉಳಿದಿತ್ತು. ೨೦೨೨ರ ಆಗಸ್ಟ್‌ನಿಂದ ಇಪ್ಪತ್ತು ಬಾರಿ ಎಂಜಿನು ಉರಿಸಿ, ಹಂತಹಂತವಾಗಿ ಕೆಳಗೆ ತಂದರು. ಒಂದೊಂದು ಕಿಲೋ ತೂಕ ಎತ್ತುವಷ್ಟೇ ಬಲದ ನಾಲ್ಕು ಪುಟ್ಟ ಎಂಜಿನುಗಳಿಂದ ಸಾವಿರ ಕಿಲೋದ ಉಪಗ್ರಹವನ್ನು ಗುರಿಯಿಟ್ಟು ಇಳಿಸಬೇಕಿತ್ತು. ೨೦೨೩ರ ಮಾರ್ಚ್ ೭ರ ಸಂಜೆ ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದಿಂದ ಕೊನೆಯ ಆಜ್ಞೆಗಳು ಹೋದವು. ಉಪಗ್ರಹ ಶಾಂತಸಾಗರದ ನಿರ್ಜನ ಪ್ರದೇಶದ ಮೇಲೆ ಉರಿದು ಇಳಿಯಿತು.

ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹಾಕಿರುವ ಯೋಜನೆಯೂ ಇದೇ ಬಗೆಯದು. ಅಳತೆ ಮಾತ್ರ ದೊಡ್ಡದು. ೨೦೩೦ರವರೆಗೆ ಅದನ್ನು ಬಳಸಿ ಆಮೇಲೆ ಇಳಿಸಬೇಕೆಂದು ನಿರ್ಧರಿಸಿ, ಇಳಿಸುವ ನೌಕೆಯನ್ನು ಕಟ್ಟಲು ೨೦೨೪ರ ಜೂನ್‌ನಲ್ಲಿ ನಾಸಾ ಸಂಸ್ಥೆ ಸ್ಪೇಸ್‌ಎಕ್ಸ್ ಕಂಪನಿಗೆ ೮೪ ಕೋಟಿ ೩೦ ಲಕ್ಷ ಡಾಲರುಗಳವರೆಗಿನ ಗುತ್ತಿಗೆ ಕೊಟ್ಟಿತು. ಕೊನೆಯ ವಾಸಿಗಳು ಬಾಗಿಲೆಳೆದುಕೊಂಡು ಬಂದ ಮೇಲೆ ಆ ನೌಕೆ ಎಂಜಿನು ಉರಿಸಿ ವೇಗ ತಗ್ಗಿಸಬೇಕು. ಮೊದಲು ಸೂರ್ಯಫಲಕಗಳು, ಆಮೇಲೆ ಕೋಣೆಗಳು ಕಳಚಿಕೊಳ್ಳುತ್ತವೆ. ಬಹುಭಾಗ ಉರಿದುಹೋಗಿ, ಗಟ್ಟಿಯಾದವು ಕಡಲು ಸೇರುತ್ತವೆ. ೨೦೦೧ರ ಮಾರ್ಚ್ ೨೩ರಂದು ರಷ್ಯನರ 'ಮೀರ್' ನಿಲ್ದಾಣವೂ ದಕ್ಷಿಣ ಶಾಂತಸಾಗರದಲ್ಲಿ ಹೀಗೆಯೇ ಸಮಾಧಿಯಾಯಿತು. ಕಡಲಿಗೆ ಇದು ಒಳ್ಳೆಯದೆ, ಉರಿದ ಲೋಹದ ಧೂಳು ಮೇಲಿನ ಗಾಳಿಗೆ ಒಳ್ಳೆಯದೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ ಅದು. ಆದರೆ ಇರುವ ದಾರಿಗಳಲ್ಲಿ ಜನರ ಜೀವಕ್ಕೆ ಅಪಾಯ ಕಡಿಮೆಯಿರುವುದು ಇದರಲ್ಲಿಯೇ.

ನಮ್ಮ ಮನೆಯ ಲೆಕ್ಕ

ಭಾರತವೂ ತನ್ನದೇ ಅಂತರಿಕ್ಷ ನಿಲ್ದಾಣದ ಮೊದಲ ಭಾಗವನ್ನು ೨೦೨೮ರಲ್ಲಿ ಹಾರಿಸಿ, ೨೦೩೫ರೊಳಗೆ ಪೂರ್ಣಗೊಳಿಸುವ ಗುರಿಯಿಟ್ಟುಕೊಂಡಿದೆ. ೨೦೩೦ರ ಹೊತ್ತಿಗೆ ಕಸ ಉಳಿಸದ ಯಾನಗಳನ್ನೇ ಮಾಡಬೇಕೆಂದು ಇಸ್ರೊ ೨೦೨೪ರಲ್ಲಿ ಸಂಕಲ್ಪವನ್ನೂ ಮಾಡಿದೆ. ಹಾಗಾಗಿ ಗೃಹಪ್ರವೇಶಕ್ಕೆ ಮೊದಲೇ, ನಕ್ಷೆ ಬರೆಯುವಾಗಲೇ, ಮನೆ ಇಳಿಸುವ ಇಂಧನದ ಲೆಕ್ಕವನ್ನೂ ಬರೆದಿಡುವುದು ಒಳ್ಳೆಯದು. ಮೇಘಾ-ಟ್ರೋಪಿಕ್ಸಿನಲ್ಲಿ ಇಂಧನ ಉಳಿದಿದ್ದುದರಿಂದ ಕೆಲಸ ನಡೆಯಿತು. ಮುಂದಿನದಕ್ಕೆ ಉಳಿಕೆಯನ್ನೇ ನಂಬಿ ಕೂಡಲಾಗದು.

ಕಟ್ಟಿದ ದಿನಕ್ಕೇ ಲೆಕ್ಕ ಮುಗಿಯುವುದಿಲ್ಲವೆಂಬ ಮಾತನ್ನು ಶರಾವತಿಯ ಸೀಮೆಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಲಿಂಗನಮಕ್ಕಿಗಾಗಿ ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಮನೆಮಠ ತೊರೆದ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ಅರುವತ್ತು ವರ್ಷ ಕಳೆದರೂ ತೀರಲಿಲ್ಲ. ಕಟ್ಟುವಾಗ ಬರೆಯದೆ ಬಿಟ್ಟ ಲೆಕ್ಕ ಮಕ್ಕಳ, ಮೊಮ್ಮಕ್ಕಳ ಹೆಗಲಿಗೆ ಬಂದಿತು.

ಈ ವರ್ಷದ ಅಡಿಕೆ ಕೊಯ್ಲಿನ ಸಂಜೆಗಳಲ್ಲಿ ಮಕ್ಕಳನ್ನು ಅಂಗಳಕ್ಕೆ ಕರೆದು ಆ ಚುಕ್ಕೆಯನ್ನು ತೋರಿಸಿರಿ. ಅಲ್ಲಿ ಜನರಿದ್ದಾರೆಂದು ಹೇಳಿರಿ. ಅದು ಬಹುಕಾಲ ಇರಲಾರದೆಂಬುದನ್ನೂ ಹೇಳಿರಿ. ಅದನ್ನು ಮೇಲೇರಿಸಿದ ಜನರೇ ಕೈಹಿಡಿದು ಇಳಿಸುವ ಸಿದ್ಧತೆಯಲ್ಲಿದ್ದಾರೆಂಬ ಮಾತು ಅವರ ನೆನಪಿನಲ್ಲುಳಿಯಲಿ.