ಗೌಜಲಕ್ಕಿಗೆ ಒಳಸಂಬಂಧ ಆಗಿಬರದು

ಕಾವಿಗಿಟ್ಟ 17–18 ದಿನಕ್ಕೆ ಮರಿ, ಐದು ವಾರಕ್ಕೆ ಮಾಂಸ, ಏಳು ವಾರಕ್ಕೆ ಮೊಟ್ಟೆ. ಜಪಾನಿ ಗೌಜಲಕ್ಕಿ ಸಾಕಣೆಯ ಲೆಕ್ಕ ಅಷ್ಟು ಚುರುಕು. ‘ಕೋಳಿಗೆ ಬಂದಷ್ಟು ರೋಗ ಇದಕ್ಕೆ ಬರಲ್ಲ’ ಎಂಬ ಮಾತನ್ನು ಮರಿ ಮಾರುವವರು ಜೊತೆಗೇ ಸೇರಿಸುತ್ತಾರೆ. ಅದು ಅರ್ಧ ನಿಜ. ರೋಗ ಬರುವ ಮೊದಲೇ ಈ ಹಕ್ಕಿಯನ್ನು ಹಾಳುಮಾಡುವುದು ಅದರ ನೆಂಟಸ್ತಿಕೆ.

1974ರಲ್ಲಿ ಇವು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಿಂದ ಉತ್ತರ ಪ್ರದೇಶದ ಇಜತ್‌ನಗರಕ್ಕೆ ಬಂದವು. ಅದೇ ಡೇವಿಸ್‌ನ ವಿಜ್ಞಾನಿಗಳು 1966ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದ್ದರು. ಒಡಹುಟ್ಟಿದ ಗಂಡು ಹೆಣ್ಣುಗಳನ್ನೇ ಕೂಡಿಸುತ್ತ ಹೋದರೆ ಮೊಟ್ಟೆ ಫಲಗಟ್ಟುವುದು, ಮರಿಯಾಗುವುದು, ಮರಿ ಬದುಕುವುದು ಎಲ್ಲವೂ ಕುಸಿದು, ಮೂರು ತಲೆಮಾರಿನ ಆಸುಪಾಸಿನಲ್ಲೇ ವಂಶ ನಿಲ್ಲುವ ಸ್ಥಿತಿ. ಕೋಳಿಯಲ್ಲಾದರೆ ಹೀಗೆ ಕೂಡಿಸಿಯೂ ದಶಕಗಟ್ಟಲೆ ಉಳಿದ ತಳಿಗಳಿವೆ.

ಅವಿತು ಕುಳಿತ ಕೆಟ್ಟ ಜೀನು ತಂದೆ ತಾಯಿ ಇಬ್ಬರಿಂದಲೂ ಬಂದಾಗ ತಲೆಯೆತ್ತುತ್ತದೆ. ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ರೋಗಾಣುವಿನ ಗುರುತು ಹಿಡಿಯಲು ನೆರವಾಗುವ ಎಂಎಚ್‌ಸಿ ಎಂಬ ಜೀನುಗಳ ಗುಂಪಿದೆ. ಗೌಜಲಕ್ಕಿಯಲ್ಲಿ ಅದು ಕೋಳಿಯದಕ್ಕಿಂತ ದೊಡ್ಡದು. ಕೋಳಿಯಲ್ಲಿ ಈ ಗುಂಪಿನ ಬಿ21 ಎಂಬ ಬಗೆ ಇದ್ದವು ಮ್ಯಾರೆಕ್ಸ್ ರೋಗ ತಾಳಿಕೊಳ್ಳುತ್ತವೆ, ಬಿ19 ಇದ್ದವು ಸುಲಭವಾಗಿ ಬಲಿಯಾಗುತ್ತವೆ. ಹಿಂಡಿನಲ್ಲಿ ಎಲ್ಲಕ್ಕೂ ಒಂದೇ ಬಗೆ ಉಳಿದರೆ, ಒಂದನ್ನು ಕೊಂದ ರೋಗಕ್ಕೆ ಉಳಿದವೂ ಸಿಗುತ್ತವೆ.

ಸಾಕುವವರ ಕಣ್ಣು ಮಾತ್ರ ತಕ್ಕಡಿಯ ಮೇಲೆ. ತೂಕ ಚೆನ್ನಾಗಿ ವಂಶದಲ್ಲಿ ಇಳಿದುಬರುವ ಗುಣ. ಅಮೆರಿಕದ ಜಾರ್ಜಿಯಾದಲ್ಲಿ ಹೆನ್ರಿ ಮಾರ್ಕ್ಸ್ ನಾಲ್ಕು ವಾರದ ತೂಕವನ್ನೇ ನೋಡಿ ತೊಂಬತ್ತಕ್ಕೂ ಹೆಚ್ಚು ತಲೆಮಾರು ಆರಿಸಿ ಭಾರೀ ಹಕ್ಕಿಗಳನ್ನು ಪಡೆದರು. ಫಲವಂತಿಕೆ, ಬದುಕುಳಿಯುವ ಶಕ್ತಿ ಅಷ್ಟು ಸಲೀಸಾಗಿ ಇಳಿದುಬರುವುದಿಲ್ಲ, ನೋಟಕ್ಕೂ ಸಿಗುವುದಿಲ್ಲ. ಲೂಯಿಸಿಯಾನಾದ ಡೇನಿಯಲ್ ಸ್ಯಾಟರ್ಲಿ ಹಿಡಿದ ದಾರಿ ನನಗೆ ಹೆಚ್ಚು ಜಾಣತನದ್ದೆನಿಸುತ್ತದೆ. ಹಿಡಿದಿಟ್ಟಾಗ ಒತ್ತಡದ ಹಾರ್ಮೋನು ಕಡಿಮೆ ಏರಿದ ಹಕ್ಕಿಗಳನ್ನು ಅವರು ಆರಿಸುತ್ತ ಹೋದರು. ಆ ವಂಶದವು ಬೇಗ ಬಲಿತವು. ಆ ಹಾರ್ಮೋನು ದೀರ್ಘಕಾಲ ಏರಿದ್ದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ ಎಂಬುದು ಗೊತ್ತಿರುವ ಸಂಗತಿಯೇ.

ಸ್ವಂತ ಮೊಟ್ಟೆಯನ್ನೇ ಇನ್‌ಕ್ಯುಬೇಟರ್‌ಗೆ ಇಡುವವರಿಗೆ ವರ್ಷಕ್ಕೆ ನಾಲ್ಕು ತಲೆಮಾರು ಉರುಳುತ್ತವೆ. ಅಷ್ಟರಲ್ಲೇ ಹಿಂಡು ದಾಯಾದಿಗಳ ಸಂತೆ. ಹಾಗಾಗಿ ಹೆಣ್ಣುಗಳನ್ನು ಇಟ್ಟುಕೊಂಡು, ಗಂಡುಗಳನ್ನು ನಂಬಿಕೆಯ ಬೇರೆ ಫಾರಂನಿಂದ ತನ್ನಿ. ಬಂದವನ್ನು ಕೆಲವು ವಾರ ಪ್ರತ್ಯೇಕ ಇಟ್ಟು ನೋಡಿ. ಕಾಲಿಗೆ ಬಣ್ಣದ ಉಂಗುರ ಹಾಕಿ, ಯಾವುದು ಯಾರ ಮರಿ ಎಂದು ಪುಸ್ತಕದಲ್ಲಿ ಬರೆದಿಡಿ.