ಬೆಳಕು ಬಲ್ಲವರ ವೃತ್ತಿ: ಛಾಯಾಗ್ರಾಹಕರ ಕೆಲಸ ನಡೆಯುವುದು ಹೇಗೆ?

ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ ಅವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ ಮುಂಬೈ ಸೇರಿದ ಮೂರ್ತಿ ಮೊದಲು ದುಡಿದದ್ದು ಸಹಾಯಕರಾಗಿ. 1951ರ ‘ಬಾಜಿ’ಯಲ್ಲೂ ಅವರು ಸಹಾಯಕರೇ. ಅಲ್ಲಿ ಅವರು ತೆಗೆದ ಒಂದು ಕಷ್ಟದ ಶಾಟ್ ಚಿತ್ರದ ನಿರ್ದೇಶಕ ಗುರುದತ್ ಅವರಿಗೆ ಹಿಡಿಸಿತು. ಮರುವರ್ಷ ಅವರದೇ ‘ಜಾಲ್’ ಚಿತ್ರದ ಛಾಯಾಗ್ರಹಣ ಮೂರ್ತಿಯವರ ಪಾಲಿಗೆ ಬಂತು. ಈ ವೃತ್ತಿಯಲ್ಲಿ ಮೇಲೇರುವ ದಾರಿ ಇಂದಿಗೂ ಹೆಚ್ಚುಕಡಿಮೆ ಇದೇ.

ಚಿತ್ರೀಕರಣಕ್ಕೆ ಮುನ್ನ

ಕ್ಯಾಮೆರಾ ಹೊರತೆಗೆಯುವುದಕ್ಕೆ ಎಷ್ಟೋ ದಿನ ಮೊದಲೇ ಛಾಯಾಗ್ರಾಹಕರ ಕೆಲಸ ಶುರುವಾಗುತ್ತದೆ. ಚಿತ್ರಕಥೆ ಓದಿ, ಯಾವ ದೃಶ್ಯ ಯಾರ ಕಣ್ಣಿನಿಂದ ಕಾಣಬೇಕು ಎಂದು ನಿರ್ದೇಶಕರೊಂದಿಗೆ ಕೂತು ತೀರ್ಮಾನಿಸಬೇಕು. ಲೊಕೇಶನ್ ನೋಡಲು ಹೋದಾಗ ಸೂರ್ಯ ಯಾವ ಹೊತ್ತಿಗೆ ಯಾವ ಕಡೆ ಇರುತ್ತಾನೆ, ಕಿಟಕಿ ಯಾವ ದಿಕ್ಕಿಗಿದೆ, ಜನರೇಟರ್ ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ಗೋಡೆಯ ಬಣ್ಣ, ಸೀರೆಯ ಬಣ್ಣಗಳ ಮಾತುಕತೆಯಲ್ಲೂ ಅವರಿರುತ್ತಾರೆ. ಅಚ್ಚ ಬಿಳಿ ಗೋಡೆ ಹಿಂದಿದ್ದರೆ ಮುಖ ಮಂಕಾಗಿ ಕಾಣುವ ಅಪಾಯವಿದೆ.

ಸೆಟ್ಟಿನಲ್ಲಿ

ಶಾಟ್ ಹೇಗಿರಬೇಕೆಂದು ನಿಶ್ಚಯವಾದ ಮೇಲೆ ಕೆಲಸ ಹಂಚಿಕೆಯಾಗುತ್ತದೆ. ಗ್ಯಾಫರ್ ಮತ್ತು ಲೈಟ್‌ಮನ್‌ಗಳು ದೀಪ ಜೋಡಿಸುತ್ತಾರೆ. ಗ್ರಿಪ್ ತಂಡ ಟ್ರ್ಯಾಕ್, ಟ್ರಾಲಿ, ಕ್ರೇನ್ ನೋಡಿಕೊಳ್ಳುತ್ತದೆ. ನಟರು ಹೆಜ್ಜೆ ಇಟ್ಟಂತೆಲ್ಲ ಫೋಕಸ್ ಪುಲ್ಲರ್ ದೂರವನ್ನು ಸರಿಹೊಂದಿಸುತ್ತಾರೆ.

ಛಾಯಾಗ್ರಾಹಕರ ತಲೆಯಲ್ಲಿ ಆಗ ಓಡುವುದು ಲೆಕ್ಕ. ದೀಪವನ್ನು ಎರಡರಷ್ಟು ದೂರ ಸರಿಸಿದರೆ ಬೆಳಕು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಹಗಲ ಬೆಳಕಿನ ವರ್ಣತಾಪ ಸುಮಾರು 5600 ಕೆಲ್ವಿನ್, ಟಂಗ್‌ಸ್ಟನ್ ದೀಪದ್ದು 3200. ಎರಡೂ ಬೆರೆತರೆ ಒಂದೇ ಮುಖದ ಮೇಲೆ ನೀಲಿಯೂ ಹಳದಿಯೂ ಕಾಣುತ್ತವೆ. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್. ನಮ್ಮ ವಿದ್ಯುತ್ 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟಿನಂಥ ದೀಪಗಳ ಕೆಳಗೆ ಚಿತ್ರ ಮಿನುಗದಿರಲು ಶಟರ್ ಕೋನವನ್ನು 180 ಡಿಗ್ರಿಯಿಂದ 172.8ಕ್ಕೆ ಇಳಿಸುವ ರೂಢಿಯಿದೆ.

ಲೆಕ್ಕ ಗೊತ್ತಿದ್ದವರಿಗೆ ಸರಳ ಸಲಕರಣೆಯೂ ಸಾಕಾಗುತ್ತದೆ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ ‘ಕಾಗಜ್ ಕೆ ಫೂಲ್’ಗೆ (1959) ಸ್ಟುಡಿಯೊದೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕಂಬವೊಂದು ಬೇಕಿತ್ತು. ಮೂರ್ತಿ ದೊಡ್ಡ ಕನ್ನಡಿಗಳಿಂದ ಬಿಸಿಲನ್ನೇ ತಿರುಗಿಸಿ ಒಳಗೆ ತಂದರು. ಸೂರ್ಯನ ಕಿರಣಗಳು ಸಮಾನಾಂತರವಾಗಿ ಬರುವುದರಿಂದ ಆ ಕಂಬ ಚದುರದೆ ನೇರವಾಗಿ ನಿಂತಿತು.

ಕಿರುತೆರೆಯ ಲಯ

ಸಿನಿಮಾದಲ್ಲಿ ದಿನಕ್ಕೆ ತೆರೆಯ ಮೇಲಿನ ಎರಡು ಮೂರು ನಿಮಿಷ ಸಿಕ್ಕರೆ ಸಮಾಧಾನ. ದೈನಿಕ ಧಾರಾವಾಹಿಯಲ್ಲಿ ಒಂದು ದಿನಕ್ಕೆ ಹೆಚ್ಚುಕಡಿಮೆ ಒಂದು ಕಂತೇ ಮುಗಿಯಬೇಕು. ಅದಕ್ಕಾಗಿ ಒಂದಕ್ಕಿಂತ ಹೆಚ್ಚು ಕ್ಯಾಮೆರಾ ಇಟ್ಟು, ಯಾವ ಕೋನಕ್ಕೂ ಒಗ್ಗುವಂತೆ ಇಡೀ ಕೋಣೆಗೆ ಸಮನಾಗಿ ಬೆಳಕು ಮಾಡುತ್ತಾರೆ. ವೇಗ ಸಿಗುತ್ತದೆ, ನೆರಳಿನ ಸೂಕ್ಷ್ಮ ಕಡಿಮೆಯಾಗುತ್ತದೆ.

ಹಾಗೆಂದು ಕಿರುತೆರೆ ಕೀಳಲ್ಲ. ‘ಘಟಶ್ರಾದ್ಧ’ ಸಿನಿಮಾ ಚಿತ್ರಿಸಿದ ಎಸ್. ರಾಮಚಂದ್ರ ಅವರೇ ಆಗುಂಬೆಯಲ್ಲಿ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನೂ ಚಿತ್ರಿಸಿದರು. ದೂರದರ್ಶನದ ‘ಭಾರತ್ ಏಕ್ ಖೋಜ್’ಗೆ ಮೂರ್ತಿಯವರದೇ ಛಾಯಾಗ್ರಹಣ.

ಚಿತ್ರೀಕರಣದ ನಂತರ

ಈಗ ಶೂಟಿಂಗ್ ಮುಗಿದರೂ ಕೆಲಸ ಮುಗಿಯದು. ಡಿ.ಐ. (ಡಿಜಿಟಲ್ ಇಂಟರ್‌ಮೀಡಿಯೇಟ್) ಕೋಣೆಯಲ್ಲಿ ಕಲರಿಸ್ಟ್ ಜೊತೆ ಕೂತು ಶಾಟ್‌ನಿಂದ ಶಾಟ್‌ಗೆ ಬಣ್ಣ, ಹೊಳಪು ಹೊಂದಿಸಬೇಕು. ಆದರೆ ಸುಟ್ಟುಹೋದ ಆಕಾಶವನ್ನು, ತಪ್ಪು ದಿಕ್ಕಿನಿಂದ ಬಿದ್ದ ಬೆಳಕನ್ನು ಅಲ್ಲಿ ಸರಿಪಡಿಸುವುದು ಬಲು ಕಷ್ಟ.

ಒಳಬರುವ ದಾರಿಗಳು

ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಇದೆ. ಪದವಿ ಮುಗಿಸಿದವರಿಗೆ ಪುಣೆಯ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರಾಯ್ ಸಂಸ್ಥೆಗಳಿವೆ. ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆಯಬೇಕು. ಇನ್ನೊಂದು ದಾರಿ, ನೇರವಾಗಿ ಒಬ್ಬ ಛಾಯಾಗ್ರಾಹಕರ ಬಳಿ ಸಹಾಯಕರಾಗಿ ಸೇರುವುದು. ಕಾಲೇಜಿನಿಂದ ಬಂದವರೂ ಸಾಮಾನ್ಯವಾಗಿ ಸಹಾಯಕ, ಸಹ ಛಾಯಾಗ್ರಾಹಕ ಎಂಬ ಮೆಟ್ಟಿಲು ಹತ್ತಿಯೇ ಸ್ವತಂತ್ರರಾಗುತ್ತಾರೆ. ಮದುವೆ ವಿಡಿಯೊ, ಜಾಹೀರಾತು, ಸಾಕ್ಷ್ಯಚಿತ್ರಗಳು ಈ ನಡುವಿನ ವರ್ಷಗಳಲ್ಲಿ ಅನ್ನವನ್ನೂ ಅನುಭವವನ್ನೂ ಕೊಡುತ್ತವೆ. ಒಂದು ಚಿತ್ರ ಮುಗಿದು ಮುಂದಿನದು ಸಿಗುವ ತನಕ ಸಂಬಳವಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು.

ಈ ದಾರಿಗೆ ಬರಬೇಕೆನ್ನುವವರು ದುಬಾರಿ ಕ್ಯಾಮೆರಾಕ್ಕೆ ಸಾಲ ಮಾಡಬೇಡಿ. ಕ್ಯಾಮೆರಾ ಬಾಡಿಗೆಗೆ ಸಿಗುತ್ತದೆ. ಕೈಯಲ್ಲಿರುವ ಮೊಬೈಲಿನಲ್ಲೇ, ಒಂದೇ ಕಿಟಕಿಯ ಪಕ್ಕ ಒಬ್ಬರನ್ನು ಕೂರಿಸಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಚಿತ್ರ ತೆಗೆಯಿರಿ. ಬೆಳಕು ಬದಲಾದಂತೆ ಆ ಮುಖದ ಭಾವ ಹೇಗೆ ಬದಲಾಯಿತೆಂದು ಬರೆದಿಡಿ. ಕೆಲಸ ಕೇಳಲು ಹಿರಿಯ ಛಾಯಾಗ್ರಾಹಕರ ಬಳಿ ಹೋಗುವಾಗ ಆ ಚಿತ್ರಗಳನ್ನೂ ಟಿಪ್ಪಣಿಗಳನ್ನೂ ಜೊತೆಗೆ ಒಯ್ಯಿರಿ.